ಬದುಕಿಡೀ ಕಲಿಯುವುದು, ದಿನಾ ಒಂಚೂರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಿಕೆಯ ಮಾತು ಬಂದಾಗೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಕೆಲವನ್ನು ಬೇರೆಯವರು ನನ್ನನ್ನು ಕೇಳಿದ್ದಾರೆ. ಕೆಲವನ್ನು ನಾನೇ ಕೇಳಿಕೊಂಡಿದ್ದೇನೆ. ಉತ್ತರಗಳು ಒಂದೇ ಅಳತೆಗಿಲ್ಲ. ಎಲ್ಲಿ ಹೇಳುವುದಿದೆಯೋ ಅಲ್ಲಿ ಉದ್ದ, ಇಲ್ಲದ ಕಡೆ ಗಿಡ್ಡ. ಅವಸರದಲ್ಲಿದ್ದರೆ "ಓದಿದ್ದು ನೆನಪೇ ಉಳಿಯಲ್ಲ" ಅನ್ನುವ ಪ್ರಶ್ನೆಗೆ ನೇರವಾಗಿ ಹೋಗಿ. ನನ್ನ ಪ್ರಕಾರ ಮಿಕ್ಕಿದ್ದೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಬದುಕಿಡೀ ಕಲಿಯುವುದು ಅಂದ್ರೆ ಮತ್ತೆ ಪರೀಕ್ಷೆ, ಸರ್ಟಿಫಿಕೇಟು ಅಂತಾನಾ?

ಅಲ್ಲ. ಬೇಕಾದವರು ಪರೀಕ್ಷೆ ಬರೆಯಲಿ, ಅದು ಬೇರೆ ಮಾತು. ಇಲ್ಲಿ ಹೇಳುತ್ತಿರುವುದು ಇಷ್ಟೇ: ಶಾಲೆ, ಕಾಲೇಜು ಮುಗಿದ ಮೇಲೂ ಗೊತ್ತಿಲ್ಲದ ಒಂದು ವಿಷಯವನ್ನೋ, ಕೈಗೆ ಬಾರದ ಒಂದು ಕೆಲಸವನ್ನೋ ಎತ್ತಿಕೊಂಡು ದಿನಾ ಸ್ವಲ್ಪ ಹೊತ್ತು ಅದರ ಜೊತೆ ಗುದ್ದಾಡುವುದು. ಈಜು, ಲೆಕ್ಕಪತ್ರ, ಇನ್ನೊಂದು ಭಾಷೆ, ಮರಗೆಲಸ, ಹಕ್ಕಿಗಳ ಹೆಸರು, ಯಾವುದಾದರೂ ಆದೀತು.

ಪರೀಕ್ಷೆಯಿಲ್ಲದ ಓದು ಹೊಸ ಯೋಚನೆಯೇನಲ್ಲ. ಡೆನ್ಮಾರ್ಕಿನ ರೋಡಿಂಗ್ ಎಂಬಲ್ಲಿ 1844ರಲ್ಲೇ ಹಳ್ಳಿಯ ಯುವಕರಿಗಾಗಿ ಇಂಥದೊಂದು ಶಾಲೆ ಶುರುವಾಯಿತು. ಆ ಮಾದರಿಯ ಶಾಲೆಗಳು ಅಲ್ಲಿ ಈಗಲೂ ನಡೆಯುತ್ತಿವೆ. ಈಗಲೂ ಅಲ್ಲಿ ಅಂಕ ಇಲ್ಲ, ಪರೀಕ್ಷೆ ಇಲ್ಲ. ಫ್ರಾನ್ಸಿನ ಟುಲೂಸ್ ನಗರದಲ್ಲಿ 1973ರಲ್ಲಿ ನಿವೃತ್ತರಿಗಾಗಿಯೇ ತರಗತಿಗಳು ಆರಂಭವಾದವು. ಅದಕ್ಕಿಟ್ಟ ಹೆಸರು "ಮೂರನೇ ವಯಸ್ಸಿನ ವಿಶ್ವವಿದ್ಯಾಲಯ". ಚೆಂದದ ಹೆಸರು, ಅಲ್ವಾ? ಮೊದಲನೆಯದು ಬೆಳೆಯುವ ವಯಸ್ಸು, ಎರಡನೆಯದು ದುಡಿಯುವ ವಯಸ್ಸು, ಮೂರನೆಯದು ಕೊನೆಗೂ ನಮ್ಮ ಕೈಗೆ ಸಿಕ್ಕ ವಯಸ್ಸು. ಈಗ ಅದೇ ಹೆಸರಿನ ಗುಂಪುಗಳು ಎಷ್ಟೋ ದೇಶಗಳಲ್ಲಿವೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತಾರೆ. ಐವತ್ತು ದಾಟಿದ ಮೇಲೆ ತಲೆಗೆ ಹತ್ತುತ್ತಾ?

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಒಂದು ಗಾದೆಯ ಮಟ್ಟಿಗೆ ನನಗೆ ತಕರಾರಿದೆ. ಅದು ಮಕ್ಕಳ ನಡತೆ ತಿದ್ದುವ ಬಗ್ಗೆ ಹುಟ್ಟಿದ ಮಾತು. ಅದನ್ನು ತಂದು ಮಿದುಳಿಗೆ ಅಂಟಿಸಿದವರು ನಾವು.

ಲಂಡನ್ನಿನ ಟ್ಯಾಕ್ಸಿ ಚಾಲಕರ ಕಥೆ ಕೇಳಿ. ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಬೇಕಾದರೆ ನಗರದ ನಡುಭಾಗದ ಸುಮಾರು 25,000 ಬೀದಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಇದಕ್ಕೆ ಮೂರು, ನಾಲ್ಕು ವರ್ಷ ಹಿಡಿಯುತ್ತದೆ. ನಡುವೆ ಕೈಚೆಲ್ಲುವವರೂ ಬಹಳ. ಎಲೆನರ್ ಮಗ್ವಾಯರ್ ಎಂಬ ವಿಜ್ಞಾನಿ ಮತ್ತು ಅವರ ತಂಡ 2000ದಲ್ಲಿ ಈ ಚಾಲಕರ ಮಿದುಳಿನ ಚಿತ್ರ ತೆಗೆದು ನೋಡಿದರು. ಜಾಗ, ದಾರಿಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಆಗ ಒಂದು ಅನುಮಾನ ಬಂತು: ಹುಟ್ಟಿನಿಂದಲೇ ಹಾಗಿದ್ದವರು ಈ ಕೆಲಸಕ್ಕೆ ಬಂದಿರಬಹುದಲ್ಲ? ಅದಕ್ಕೆ ಇನ್ನೊಂದು ಅಧ್ಯಯನ ಮಾಡಿದರು. ಕಲಿಯಲು ಶುರುಮಾಡುವಾಗ ಒಮ್ಮೆ, ವರ್ಷಗಳ ನಂತರ ಇನ್ನೊಮ್ಮೆ ಚಿತ್ರ ತೆಗೆದರು. 2011ರಲ್ಲಿ ಫಲಿತಾಂಶ ಹೊರಬಂತು. ಶುರುವಿನಲ್ಲಿ ಯಾರಲ್ಲೂ ವ್ಯತ್ಯಾಸ ಇರಲಿಲ್ಲ. ಕಲಿತು ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು. ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಇವರೆಲ್ಲ ಮಕ್ಕಳಲ್ಲ, ಸಂಸಾರ ಹೊತ್ತುಕೊಂಡ ದೊಡ್ಡವರು. ಮರ ಬಗ್ಗಿತ್ತು.

ಇನ್ನೂ ವಯಸ್ಸಾದವರ ಉದಾಹರಣೆ ಬೇಕಿದ್ದರೆ ಕೆನ್ಯಾದ ಕಿಮಾನಿ ಮರುಗೆ ಅವರ ಕಥೆಯಿದೆ. ಆ ದೇಶದಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾದ ಮೇಲೆ, 2004ರಲ್ಲಿ, 84ನೇ ವಯಸ್ಸಿನಲ್ಲಿ ಒಂದನೇ ತರಗತಿಗೆ ಸೇರಿದರು. ಚಿಕ್ಕ ಮಕ್ಕಳ ಹಾಗೆ ಯೂನಿಫಾರ್ಮ್ ಹಾಕಿಕೊಂಡು ಅವರ ನಡುವೆ ಕೂತರು. ಅವರಿಗೆ ಬೇಕಿದ್ದದ್ದು ದೊಡ್ಡ ಪದವಿಯಲ್ಲ. ಧರ್ಮಗ್ರಂಥವನ್ನು ತಾನೇ ಓದಬೇಕು, ದುಡ್ಡಿನ ಲೆಕ್ಕ ತಾನೇ ಮಾಡಬೇಕು. ಮರುವರ್ಷ ವಿಶ್ವಸಂಸ್ಥೆಯಲ್ಲಿ ಶಿಕ್ಷಣದ ಪರವಾಗಿ ಮಾತಾಡಿ ಬಂದರು.

ಹಾಗಾದ್ರೆ ವಯಸ್ಸಾದ ಮೇಲೆ ಕಲಿಕೆ ನಿಧಾನ ಆಗುತ್ತೆ ಅನ್ನೋದು ಸುಳ್ಳಾ?

ಪೂರ್ತಿ ಸುಳ್ಳಲ್ಲ. ಸುಮ್ನೆ ಹುರಿದುಂಬಿಸುವುದಕ್ಕೆ ಹಾಗೆ ಹೇಳಲಾರೆ. ಸುಮಾರು 50,000 ಜನರ ಮಾಹಿತಿ ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳ್ಳೆಯ ಚಿತ್ರ ಕೊಡುತ್ತದೆ. ತಲೆ ಓಡುವ ವೇಗ ಹದಿನೆಂಟು ಹತ್ತೊಂಬತ್ತಕ್ಕೇ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಆದರೆ ಇನ್ನೊಬ್ಬರ ಮುಖ ನೋಡಿ ಮನಸ್ಸು ಅರಿಯುವ ಶಕ್ತಿ ನಲವತ್ತು, ಐವತ್ತರ ಹೊತ್ತಿಗೆ ಉತ್ತಮವಾಗಿರುತ್ತದೆ. ಪದಸಂಪತ್ತಂತೂ ಅರವತ್ತು ದಾಟಿದ ಮೇಲೂ ಏರುತ್ತಾ ಹೋಗುತ್ತದೆ.

ಅಂದರೆ ಹದಿನಾರರ ಹುಡುಗಿಯ ಜೊತೆ ಓಟಕ್ಕೆ ನಿಂತರೆ ಸೋಲುತ್ತೀರಿ. ಆದರೆ ಹೊಸ ವಿಷಯವನ್ನು ಸಿಕ್ಕಿಸಲು ನಿಮ್ಮ ತಲೆಯಲ್ಲಿ ಅವಳಿಗಿಂತ ಜಾಸ್ತಿ ಗೂಟಗಳಿವೆ. ಇಪ್ಪತ್ತು ವರ್ಷ ಮನೆ ಖರ್ಚು ನೋಡಿದವರಿಗೆ ಬಡ್ಡಿಯ ಲೆಕ್ಕ ಹೇಳಿಕೊಡುವುದು ಎಷ್ಟು ಸುಲಭ ನೋಡಿ.

ನಾನು ರಿಟೈರ್ ಆಗಿದ್ದೇನೆ. ಈಗ ಕಲಿತು ಏನಾಗಬೇಕಾಗಿದೆ?

ಏನೂ ಆಗಬೇಕಾಗಿಲ್ಲ. ಅದೇ ಇದರ ಮಜಾ. ಸಂಬಳಕ್ಕಾಗಿ ಕಲಿಯುವಾಗ ವಿಷಯವನ್ನು ಬೇರೆ ಯಾರೋ ಆರಿಸಿರುತ್ತಾರೆ. ಈಗ ಆರಿಸುವವರು ನೀವೇ. ಕೆಲಸದಲ್ಲಿ ಇರುವವರ ಲಾಭ ಬೇರೆ ರೀತಿಯದು. ಹತ್ತು ವರ್ಷದ ಹಿಂದೆ ಕಲಿತ ಸಾಫ್ಟ್‌ವೇರ್, ಯಂತ್ರ, ಕಾನೂನು ಈಗ ಹಾಗೇ ಉಳಿದಿರುವುದಿಲ್ಲ, ಹಾಗಾಗಿ ಅವರಿಗೆ ಕಲಿಯದೇ ಗತಿಯಿಲ್ಲ. ನಿಮಗೆ ಆ ಹಂಗಿಲ್ಲ.

ದಿನಾ ಏನಾದ್ರೂ ಕಲಿತರೆ ಮರೆವಿನ ಕಾಯಿಲೆ ಬರಲ್ಲ ಅಂತಾರೆ. ನಿಜವಾ?

ಅಷ್ಟು ಗಟ್ಟಿಯಾಗಿ ಯಾರೂ ಹೇಳಲಾಗದು. ಹೇಳುವವರ ಬಳಿ ಮಾರುವುದಕ್ಕೆ ಏನೋ ಇರುತ್ತದೆ. ಮಿದುಳಿನ ಆಟಗಳ ಒಂದು ಆ್ಯಪ್ ಕಂಪನಿ ಇಂಥದ್ದೇ ಮಾತು ಹೇಳಿ ಜಾಹೀರಾತು ಮಾಡಿತ್ತು. ಆಧಾರವಿಲ್ಲದ ಮಾತೆಂದು ಅಮೆರಿಕದ ಸರ್ಕಾರಿ ಆಯೋಗ ಬೆನ್ನುಹತ್ತಿದಾಗ, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಅಂಥ ಆಟ ಆಡಿದರೆ ಆ ಆಟದಲ್ಲಿ ಚುರುಕಾಗುತ್ತೇವೆ. ಮನೆಯ ಬೀಗದ ಕೈ ಎಲ್ಲಿಟ್ಟೆ ಅನ್ನುವುದು ಅದರಿಂದ ನೆನಪಾಗುವುದಿಲ್ಲ.

ಆದರೆ ನಿಜವಾದ ಹೊಸ ಕೆಲಸ ಕಲಿಯುವುದು ಬೇರೆ ಥರ. ಟೆಕ್ಸಸ್ ವಿಶ್ವವಿದ್ಯಾಲಯದ ಡೆನಿಸ್ ಪಾರ್ಕ್ ಮತ್ತು ತಂಡ 60 ದಾಟಿದ 200ಕ್ಕೂ ಹೆಚ್ಚು ಜನರನ್ನು ಗುಂಪುಗಳಾಗಿ ಮಾಡಿತು. ಕೆಲವರಿಗೆ ಡಿಜಿಟಲ್ ಫೋಟೊ ತೆಗೆಯುವುದು, ಕೆಲವರಿಗೆ ಬಟ್ಟೆ ತುಂಡು ಸೇರಿಸಿ ಕೌದಿ ಹೊಲಿಯುವುದು, ಕೆಲವರಿಗೆ ಎರಡೂ. ಇನ್ನೊಂದು ಗುಂಪು ಒಟ್ಟಿಗೆ ಸೇರಿ ಹರಟೆ, ಓಡಾಟ, ಆಟ. ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು. ಕಷ್ಟಪಟ್ಟು ಹೊಸದನ್ನು ಕಲಿತವರ ನೆನಪಿನ ಶಕ್ತಿ ಸುಧಾರಿಸಿತು. ಇದು 2014ರಲ್ಲಿ ಪ್ರಕಟವಾಯಿತು. ವಾರಕ್ಕೆ 15 ಗಂಟೆ ಅನ್ನುವುದು ಕಡಿಮೆಯಲ್ಲ ಅನ್ನುವುದನ್ನೂ ಗಮನಿಸಿ. ಮರೆವು ಜಾಸ್ತಿಯಾಗಿ ಕಾಡುತ್ತಿದ್ದರೆ ಹೊಸ ಭಾಷೆ ಕಲಿಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ದಿನಕ್ಕೆ ಎಷ್ಟು ಹೊತ್ತು ಬೇಕು?

ಶುರುವಿಗೆ ಹದಿನೈದು ನಿಮಿಷ ಸಾಕು. ಲೆಕ್ಕ ಹಾಕಿ: ದಿನಕ್ಕೆ ಹದಿನೈದು ನಿಮಿಷ ಅಂದರೆ ವರ್ಷಕ್ಕೆ 91 ಗಂಟೆ ಚಿಲ್ಲರೆ. ದಿನಕ್ಕೆ ಎಂಟು ಗಂಟೆಯಂತೆ ಹನ್ನೊಂದು ದಿನ ಪೂರ್ತಿ ಕೂತು ಕಲಿತಷ್ಟು. ಹನಿಗೂಡಿದರೆ ಹಳ್ಳ ಅನ್ನುವ ಗಾದೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಹದಿನೈದೂ ಆಗದ ದಿನ ಐದು ನಿಮಿಷ. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂರುತ್ತೇನೆ ಅನ್ನುವ ಯೋಜನೆಯನ್ನು ನಾನು ನಂಬುವುದಿಲ್ಲ. ಒಂದು ಭಾನುವಾರ ನೆಂಟರು ಬಂದರೆ ಹದಿನಾಲ್ಕು ದಿನದ ಅಂತರ ಬೀಳುತ್ತದೆ. ಅಷ್ಟರಲ್ಲಿ ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವುದೇ ಮರೆತಿರುತ್ತದೆ.

21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತಾರಲ್ಲ?

ಈ 21ರ ಮೂಲ ತಮಾಷೆಯಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ 21 ದಿನ ಬೇಕು ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆಯೆಂದರೂ" ಅನ್ನುವುದು ಉದುರಿಹೋಯಿತು. ಮುಖ ಹೋಗಿ ಅಭ್ಯಾಸ ಬಂದು ಕೂತಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ತಂಡ ಇದನ್ನು ನಿಜವಾಗಿ ಅಳೆಯಲು ಹೊರಟಿತು. 96 ಜನ, 12 ವಾರ, ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಅಭ್ಯಾಸ. ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಬೇಕಾದ ದಿನಗಳ ಮಧ್ಯಾಂಕ 66, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಜಾಸ್ತಿ. ಆದರೆ ಒಬ್ಬರಿಂದ ಒಬ್ಬರಿಗೆ ಅಂತರ ವಿಪರೀತ. 12 ವಾರದ ಮಾಹಿತಿಯಿಂದ ಮುಂದಕ್ಕೆ ಅಂದಾಜು ಹಾಕಿದಾಗ ಅದು 18 ದಿನದಿಂದ 254 ದಿನದವರೆಗೆ ಹರಡಿತ್ತು. ಸುಲಭದ ಅಭ್ಯಾಸ ಬೇಗ ಕೂರುತ್ತದೆ, ಮೈ ಬಗ್ಗಿಸಬೇಕಾದದ್ದು ತಡವಾಗುತ್ತದೆ.

ಹಾಗಾಗಿ 22ನೇ ದಿನ ಏಳಲು ಬೇಜಾರಾದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಅಂದುಕೊಳ್ಳಬೇಡಿ.

ಒಂದು ದಿನ ತಪ್ಪಿದರೆ ಎಲ್ಲ ಹೋಯ್ತಾ?

ಇಲ್ಲ. ಅದೇ ಅಧ್ಯಯನದಲ್ಲಿ ಇದನ್ನೂ ನೋಡಿದ್ದಾರೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಮೊಬೈಲ್ ಆ್ಯಪ್‌ಗಳು "ನಿಮ್ಮ 40 ದಿನದ ಸರಪಳಿ ಮುರಿಯಿತು" ಎಂದು ಹೆದರಿಸುತ್ತವಲ್ಲ, ಆ ಹೆದರಿಕೆ ಅವರಿಗೆ ಬೇಕು, ನಿಮಗೆ ಬೇಡ. ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ನಿಮಿಷವಾದರೂ ಸರಿ, ಪುಸ್ತಕ ತೆರೆಯಬೇಕು. ತಪ್ಪಿದ ದಿನದ ಬಾಕಿಯನ್ನು ಸೇರಿಸಿ ಮಾಡಲು ಹೋಗುವುದಿಲ್ಲ. ಬಾಕಿ ಬೆಳೆದರೆ ಸಾಲಗಾರನ ಮನಸ್ಸು ಬರುತ್ತದೆ. ಆಮೇಲೆ ಪುಸ್ತಕ ಕಂಡರೆ ತಲೆತಪ್ಪಿಸಿಕೊಂಡು ಓಡಾಡುತ್ತೇವೆ.

ಬೆಳಿಗ್ಗೆ ಕಲಿಯುವುದು ಒಳ್ಳೇದಾ, ರಾತ್ರಿನಾ?

ಯಾವ ಹೊತ್ತು ಅನ್ನುವುದಕ್ಕಿಂತ ಯಾವುದರ ಬೆನ್ನಿಗೆ ಅನ್ನುವುದು ಮುಖ್ಯ. "ಬೆಳಿಗ್ಗೆ ಓದುತ್ತೇನೆ" ಅಂದರೆ ಆಗದು. "ಹಲ್ಲುಜ್ಜಿ ಬಂದ ತಕ್ಷಣ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆಯುತ್ತೇನೆ" ಅಂದರೆ ಆಗುತ್ತದೆ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ತೊಂಬತ್ತರ ದಶಕದಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಕೊಂಡವರು, ಬರೀ ಮಾಡುತ್ತೇನೆ ಅಂದುಕೊಂಡವರಿಗಿಂತ ಜಾಸ್ತಿ ಸಲ ಮಾಡಿ ಮುಗಿಸುತ್ತಾರೆ.

ರಾತ್ರಿಗೂ ಒಂದು ಲಾಭವಿದೆ. ಕಲಿತು ಮಲಗಿದರೆ, ಕಲಿತು ಎಚ್ಚರವಾಗಿದ್ದುದಕ್ಕಿಂತ ಕಡಿಮೆ ಮರೆಯುತ್ತೇವೆ ಎಂದು 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ನಿದ್ದೆಗೆಟ್ಟು ಓದಿದರೆ ಮಾತ್ರ ಈ ಲಾಭ ಕೈತಪ್ಪುತ್ತದೆ.

ಓದಿದ್ದು ನೆನಪೇ ಉಳಿಯಲ್ಲ. ಏನು ಮಾಡಲಿ?

ಪುಸ್ತಕ ಮುಚ್ಚಿ.

ತಮಾಷೆಗೆ ಹೇಳಿದ್ದಲ್ಲ. ಮೊದಲು ಮರೆವಿನ ಬಗ್ಗೆ ಹೇಳುತ್ತೇನೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಸಾವಿರಾರು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತಾನು ಎಷ್ಟು ಬೇಗ ಮರೆಯುತ್ತೇನೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಮೂರನೇ ಒಂದು ಪಾಲು ಮಾತ್ರ ಉಳಿದಿತ್ತು. ಆದರೆ ಅಲ್ಲಿಂದ ಮುಂದೆ ಇಳಿತ ನಿಧಾನ. ಒಂದು ತಿಂಗಳಾದರೂ ಐದನೇ ಒಂದು ಪಾಲು ಉಳಿದೇ ಇತ್ತು. ನಾವು ಅರ್ಥವಿರುವುದನ್ನು ಓದುತ್ತೇವೆ, ಹಾಗಾಗಿ ನಮ್ಮ ಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೂ ಇಳಿಜಾರು ಅದೇ. ಅಂದರೆ ಮರೆವು ನಿಮ್ಮೊಬ್ಬರ ರೋಗವಲ್ಲ.

ಇನ್ನು ಮದ್ದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಹಾಳೆಯಲ್ಲಿ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ನೂರಕ್ಕೆ 83, ಬರೆದವರದು 71. ಒಂದು ವಾರ ಬಿಟ್ಟು ನೋಡಿದರೆ ಕಥೆ ತಿರುಗಿಬಿದ್ದಿತ್ತು. ಓದಿದವರು 40ಕ್ಕೆ ಇಳಿದಿದ್ದರು, ನೆನಪಿಸಿಕೊಂಡವರು 61ರಲ್ಲಿ ನಿಂತಿದ್ದರು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ, ಜಾಸ್ತಿ ಧೈರ್ಯವಾಗಿ ಹೇಳಿದವರು ಬರೀ ಓದಿದ ಗುಂಪಿನವರು!

ನಮಗೆಲ್ಲ ಆಗುವುದೂ ಇದೇ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಯದ ಮುಖದಂತೆ ಕಾಣುತ್ತವೆ. ಮುಖ ಗೊತ್ತು ಅಂದಮಾತ್ರಕ್ಕೆ ಹೆಸರು ಗೊತ್ತು ಅಂತಲ್ಲವಲ್ಲ. ನೆನಪಿಸಿಕೊಳ್ಳಲು ತಿಣುಕಾಡುವಾಗ ಕಷ್ಟವಾಗುತ್ತದೆ, ಏನೂ ಬಂದಿಲ್ಲ ಅನ್ನಿಸುತ್ತದೆ. ಆ ತಿಣುಕಾಟವೇ ಕಲಿಕೆ.

ಹಾಗಾಗಿ ಹದಿನೈದು ನಿಮಿಷವನ್ನು ನಾನು ಹೀಗೆ ಒಡೆಯುತ್ತೇನೆ. ಮೊದಲ ಮೂರು ನಿಮಿಷ ನಿನ್ನೆಯದನ್ನು ನೋಡದೆ ನೆನಪಿಸಿಕೊಳ್ಳುವುದು. ಆಮೇಲೆ ಎಂಟು ನಿಮಿಷ ಹೊಸದು. ಕೊನೆಯ ನಾಲ್ಕು ನಿಮಿಷ ಪುಸ್ತಕ ಮುಚ್ಚಿ, ಈಗ ಓದಿದ್ದನ್ನು ನನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುವುದು. ಬರೆದ ಮೇಲೆ ಪುಸ್ತಕ ತೆರೆದು ತಪ್ಪಿದ್ದನ್ನು ನೋಡಿಕೊಳ್ಳುವುದು. ಹೊಸದು ಕಡಿಮೆಯಾಯಿತು ಅನ್ನಿಸುತ್ತಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಪುಟ ಓಡಿಸಿ, ತಿಂಗಳ ಕೊನೆಗೆ ಕೈ ಖಾಲಿ ಇರುವುದಕ್ಕಿಂತ ಇದು ವಾಸಿ.

ಪದಗಳು, ಹೆಸರುಗಳು, ಸೂತ್ರಗಳನ್ನು ನೆನಪಿಡೋಕೆ ಬೇರೆ ದಾರಿ ಇದೆಯಾ?

ಇದೆ, ಡಬ್ಬದ ದಾರಿ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1972ರಲ್ಲಿ ಇದನ್ನು ಬಳಕೆಗೆ ತಂದರು. ಅವರದು ಐದು ಖಾನೆ, ನನಗೆ ಮೂರು ಡಬ್ಬ ಸಾಕಾಗಿದೆ. ಚೀಟಿಯ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಹೊಸ ಚೀಟಿಗಳೆಲ್ಲ ಮೊದಲ ಡಬ್ಬಕ್ಕೆ. ಅದನ್ನು ದಿನಾ ನೋಡಬೇಕು. ಸರಿ ಉತ್ತರ ಬಂದ ಚೀಟಿ ಎರಡನೇ ಡಬ್ಬಕ್ಕೆ ಹೋಗುತ್ತದೆ. ಅದನ್ನು ಮೂರು ದಿನಕ್ಕೊಮ್ಮೆ ನೋಡುವುದು. ಅಲ್ಲೂ ಸರಿಯಾದರೆ ಮೂರನೇ ಡಬ್ಬ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಚೀಟಿ ಮೊದಲ ಡಬ್ಬಕ್ಕೆ ವಾಪಸ್. ಬಂದದ್ದರ ಮೇಲೆ ಹೊತ್ತು ಹಾಳಾಗುವುದಿಲ್ಲ, ಬಾರದ್ದು ಬಿಟ್ಟುಹೋಗುವುದಿಲ್ಲ.

ಇದೇ ಕೆಲಸ ಮಾಡುವ ಮೊಬೈಲ್ ಆ್ಯಪ್‌ಗಳಿವೆ, ಚೆನ್ನಾಗಿಯೂ ಇವೆ. ನನಗೆ ಮಾತ್ರ ಕಾಗದವೇ ಇಷ್ಟ. ಮೊಬೈಲ್ ಕೈಗೆತ್ತಿಕೊಂಡರೆ ಎಲ್ಲಿ ಹೋಗಿ ಮುಟ್ಟುತ್ತೇನೆ ಅನ್ನುವುದು ನನಗೇ ಗೊತ್ತಿರುವುದಿಲ್ಲ.

ಮುಖ್ಯ ಸಾಲುಗಳ ಕೆಳಗೆ ಗೆರೆ ಎಳೆಯುತ್ತೇನೆ. ಸಾಲದಾ?

ಸಾಲದು. 2013ರಲ್ಲಿ ಜಾನ್ ಡನ್ಲೋಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಕಲಿಯುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿನಲ್ಲಿ ಉಳಿದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಮೇಲೆ ಹಂಚಿ ಓದುವುದು ಮೇಲೆ ಬಂದವು. ಪೆನ್ಸಿಲ್ ಬಿಸಾಕಬೇಡಿ, ಗೆರೆಯ ಬದಲು ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ.

ನಾನು ನೋಡಿ ಕಲಿಯುವವನು, ಓದಿ ಕಲಿಯುವವನಲ್ಲ. ನನಗೆ ಬೇರೆ ದಾರಿ ಬೇಕಲ್ವಾ?

ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಜನರನ್ನು ಭಾಗಮಾಡಿ ಆಯಾ ರೀತಿಯಲ್ಲೇ ಕಲಿಸಿದರೆ ಚೆನ್ನಾಗಿ ಕಲಿಯುತ್ತಾರೆ ಅನ್ನುವುದಕ್ಕೆ ಸರಿಯಾದ ಆಧಾರವಿಲ್ಲ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಶೋಧಕರು ಹುಡುಕಿ ನೋಡಿ ಹೀಗೆಂದೇ ಬರೆದರು. ಇಷ್ಟ ಬೇರೆ ಬೇರೆ ಇರುತ್ತದೆ, ಅದು ಸರಿ. ಆದರೆ ದಾರಿಯನ್ನು ನಿರ್ಧರಿಸಬೇಕಾದದ್ದು ವಿಷಯ. ರಾಗ ಕೇಳಿಯೇ ಕಲಿಯಬೇಕು, ನಕಾಶೆ ನೋಡಿಯೇ ಕಲಿಯಬೇಕು, ಈಜನ್ನು ನೀರಿಗೆ ಬಿದ್ದೇ ಕಲಿಯಬೇಕು.

ವಿಡಿಯೋ ನೋಡೋದು, ಪಾಡ್‌ಕಾಸ್ಟ್ ಕೇಳೋದು ಕಲಿಕೆಯ ಲೆಕ್ಕಕ್ಕೆ ಬರುತ್ತಾ?

ಮುಗಿದ ಮೇಲೆ ಎರಡು ನಿಮಿಷ ನಿಲ್ಲಿಸಿ ಏನು ಹೇಳಿದರು ಎಂದು ಹೇಳಿಕೊಳ್ಳಲು ಬಂದರೆ ಬರುತ್ತದೆ. ಇಲ್ಲದಿದ್ದರೆ ಅದು ಹೊತ್ತು ಕಳೆಯುವುದು. ಹೊತ್ತು ಕಳೆಯುವುದು ತಪ್ಪಲ್ಲ, ಕಲಿಕೆಯ ಖಾತೆಗೆ ಬರೆದುಕೊಳ್ಳುವುದು ತಪ್ಪು.

ಆನ್‌ಲೈನ್ ಕೋರ್ಸಿಗೆ ಸೇರ್ತೀನಿ, ಅರ್ಧಕ್ಕೆ ಬಿಡ್ತೀನಿ. ನನ್ನಲ್ಲೇ ಏನಾದ್ರೂ ದೋಷ ಇದೆಯಾ?

ನಿಮ್ಮ ಜೊತೆ ಲಕ್ಷಾಂತರ ಜನ ಇದ್ದಾರೆ. ಹಾರ್ವರ್ಡ್ ಮತ್ತು ಎಂಐಟಿ ಆನ್‌ಲೈನಿನಲ್ಲಿ ಕೊಟ್ಟ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಹೊರಬಂತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ದುಡ್ಡು ಕಟ್ಟಿ ಸೇರಿದವರಲ್ಲಿ ಮಾತ್ರ ಹೆಚ್ಚುಕಡಿಮೆ ಅರ್ಧ ಜನ ಮುಗಿಸಿದ್ದರು. ದುಡ್ಡಿಗೆ ಆ ಶಕ್ತಿ ಇದೆಯೋ, ಮುಗಿಸುವ ಹಟ ಇದ್ದವರೇ ದುಡ್ಡು ಕಟ್ಟುತ್ತಾರೋ, ಬಹುಶಃ ಎರಡೂ.

ನಮ್ಮಲ್ಲಿ ಇದಕ್ಕೆ ಆರಂಭಶೂರತ್ವ ಎಂಬ ಹೆಸರು ಮೊದಲಿನಿಂದಲೂ ಇದೆ. ಸೇರುವ ದಿನ ಒಂದು ಖುಷಿ ಸಿಗುತ್ತದೆ. ಕಲಿತೇಬಿಟ್ಟಷ್ಟು ಖುಷಿ. ಆ ಖುಷಿಗಾಗಿ ಇನ್ನೊಂದಕ್ಕೆ ಸೇರುತ್ತೇವೆ. ನಾನು ಈಗ ಒಂದು ಸಲಕ್ಕೆ ಒಂದೇ ಕೋರ್ಸ್ ಇಟ್ಟುಕೊಳ್ಳುತ್ತೇನೆ. ಸೇರುವ ಮೊದಲು ಎರಡನೇ ವಾರದ ಪಾಠವನ್ನು ತೆರೆದು ನೋಡುತ್ತೇನೆ. ಮೊದಲ ವಾರ ಎಲ್ಲ ಕೋರ್ಸೂ ಸಲೀಸಾಗಿಯೇ ಇರುತ್ತದೆ.

ಏನು ಕಲಿಯಲಿ ಅಂತಾನೇ ಗೊತ್ತಾಗ್ತಿಲ್ಲ.

ಒಂದು ವಾರ ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳಿ. "ಇದು ನನಗೆ ಗೊತ್ತಿರಬೇಕಿತ್ತು" ಅನ್ನಿಸಿದಾಗೆಲ್ಲ ಬರೆದುಕೊಳ್ಳಿ. ಬ್ಲಡ್ ರಿಪೋರ್ಟಿನ ಅಂಕೆಗಳು, ಕರಾರುಪತ್ರದ ಒಂದು ಷರತ್ತು, ರಾತ್ರಿ ಕಾಣುವ ಆ ಕೆಂಪು ನಕ್ಷತ್ರ, ಮಗಳು ಕೇಳಿದ ಪ್ರಶ್ನೆ. ವಾರದ ಕೊನೆಗೆ ಎರಡು ಸಲ ಬಂದದ್ದು ಯಾವುದು ನೋಡಿ. ಅಲ್ಲಿಂದ ಶುರುಮಾಡಿ.

ಎಐ ಕೇಳಿದ್ದಕ್ಕೆಲ್ಲ ಉತ್ತರ ಕೊಡುವಾಗ ತಲೆಯಲ್ಲಿ ತುಂಬಿಕೊಳ್ಳೋದು ಯಾಕೆ?

ನ್ಯಾಯವಾದ ಪ್ರಶ್ನೆ. ಎರಡು ಕಾರಣಕ್ಕೆ. ಒಂದು, ಏನೂ ಗೊತ್ತಿಲ್ಲದವರಿಗೆ ಕೇಳಲು ಪ್ರಶ್ನೆಯೂ ಹುಟ್ಟುವುದಿಲ್ಲ. ಎರಡು, ಈ ಯಂತ್ರಗಳು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ಇದ್ಯಾಕೋ ಸರಿಯಿಲ್ಲ ಎಂದು ಮೂಗಿಗೆ ಬಡಿಯಬೇಕಾದರೆ ವಿಷಯದ ವಾಸನೆ ಮೊದಲೇ ಗೊತ್ತಿರಬೇಕು.

ಹಾಗೆಂದು ದೂರ ಇಡಬೇಕಿಲ್ಲ. ಉತ್ತರ ಕೇಳುವುದರ ಬದಲು "ನನಗೆ ಐದು ಪ್ರಶ್ನೆ ಕೇಳು, ಉತ್ತರ ಈಗಲೇ ಹೇಳಬೇಡ" ಎಂದು ಹೇಳಿ ನೋಡಿ. ರಾತ್ರಿ ಹನ್ನೊಂದಕ್ಕೂ ಬೇಸರಿಸದೆ ಪ್ರಶ್ನೆ ಕೇಳುವ ಮೇಷ್ಟ್ರು ಬೇರೆ ಯಾರು ಸಿಗುತ್ತಾರೆ? ಉತ್ತರಗಳನ್ನು ಮಾತ್ರ ಪುಸ್ತಕದಲ್ಲಿ ತಾಳೆ ನೋಡಿ.

ಈ ವಯಸ್ಸಲ್ಲಿ ಬೇರೆಯವರ ಮುಂದೆ ತಪ್ಪು ಮಾಡೋಕೆ ನಾಚಿಕೆ ಆಗುತ್ತೆ.

ಆಗುತ್ತದೆ. ನಾನು ಈಜು ಕಲಿಯಲು ಹೋದದ್ದು 44ನೇ ವಯಸ್ಸಿನಲ್ಲಿ. ಮೊದಲು ಹೋದ ಕಡೆ ಕಲಿಸುವವರು "ಈಗ್ಯಾಕೆ ಬೇಕಿತ್ತು ಸಾರ್" ಎಂದು ನಕ್ಕರು. ಪಕ್ಕದಲ್ಲಿ ಏಳು ವರ್ಷದ ಮಕ್ಕಳು ಮೀನಿನ ಹಾಗೆ ಓಡಾಡುತ್ತಿದ್ದರು. ನಾನು ಕಂಬಿ ಹಿಡಿದು ನಿಂತಿದ್ದೆ. ಎರಡು ದಿನ ಹೋಗಿ ಬಿಟ್ಟೆ.

ನಾಲ್ಕು ತಿಂಗಳ ನಂತರ ಇನ್ನೊಂದು ಕಡೆ ಸೇರಿದೆ. ಅಲ್ಲಿನವರು ಈಜುವ ಮಾತೇ ಎತ್ತಲಿಲ್ಲ. ಮುಖವನ್ನು ನೀರಿನೊಳಗೆ ಇಟ್ಟು ಮೂಗಿನಿಂದ ಗುಳ್ಳೆ ಬಿಡಿ ಅಂದರು. ಒಂದು ವಾರ ಬರೀ ಗುಳ್ಳೆ. ನೀರಿಗೆ ಹೆದರುವವರು ಉಸಿರನ್ನು ಎದೆಯಲ್ಲಿ ಬಿಗಿಹಿಡಿಯುತ್ತಾರೆ. ಬಿಡದಿದ್ದರೆ ಹೊಸ ಉಸಿರು ಎಳೆಯಲು ಜಾಗ ಎಲ್ಲಿ? ಅದು ಬಿಡಿಸಿಕೊಂಡ ಮೇಲೆ ಕೈಕಾಲು ತಾನಾಗಿ ದಾರಿಗೆ ಬಂತು. 19ನೇ ದಿನ ಈ ದಡದಿಂದ ಆ ದಡಕ್ಕೆ ಹೋದೆ. ಯಾರೂ ನೋಡಲಿಲ್ಲ. ಆಗ ಹೊಳೆಯಿತು, ಕಂಬಿ ಹಿಡಿದು ನಿಂತಾಗಲೂ ಯಾರೂ ನೋಡುತ್ತಿರಲಿಲ್ಲ.

ಕಲಿಸುವವರು ನಗುವಂಥವರಾದರೆ ಜಾಗ ಬದಲಿಸಿ. ವಿಷಯ ಬದಲಿಸಬೇಡಿ.

ಕೆಲಸ, ಮನೆ, ಮಕ್ಕಳು. ಹದಿನೈದು ನಿಮಿಷವೂ ಸಿಗಲ್ಲ.

ಕೆಲವರಿಗೆ ನಿಜವಾಗಿಯೂ ಸಿಗುವುದಿಲ್ಲ. ಕೈಗೂಸು ಇರುವ ಮನೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆ, ಎರಡು ಪಾಳಿ ದುಡಿಯುವವರು. ಅವರಿಗೆ "ಮನಸ್ಸಿದ್ದರೆ ಮಾರ್ಗ" ಎಂದು ಉಪದೇಶ ಮಾಡುವುದು ಅನ್ಯಾಯ. ಅಂಥ ಕಾಲದಲ್ಲಿ ದಿನಕ್ಕೊಂದು ಚೀಟಿ ಸಾಕು, ಅದೂ ಆಗದಿದ್ದರೆ ಬಿಡಿ. ಕಾಲ ಬದಲಾಗುತ್ತದೆ. ಉಳಿದವರು ಒಮ್ಮೆ ಮೊಬೈಲಿನ ಸ್ಕ್ರೀನ್ ಟೈಮ್ ತೆರೆದು ನೋಡಿ. ನಾನೇನೂ ಹೇಳುವುದಿಲ್ಲ.

ಶುರುಮಾಡಿದ್ದನ್ನು ನಡುವೆ ಬಿಡಬಹುದಾ?

ಬಿಡಬಹುದು, ಆದರೆ ಬೇಸರದ ದಿನ ನಿರ್ಧಾರ ಬೇಡ. ಯಾವುದೇ ಕಲಿಕೆಯಲ್ಲಿ ಮೊದಲು ಬೇಗ ಬೇಗ ಬರುತ್ತದೆ, ಆಮೇಲೆ ಎಷ್ಟು ಮಾಡಿದರೂ ಇದ್ದಲ್ಲೇ ಇದ್ದೇವೆ ಅನ್ನಿಸುವ ಬಯಲು ಬರುತ್ತದೆ. ಆ ಬಯಲಿನಲ್ಲಿ ಬಿಟ್ಟದ್ದಕ್ಕೆ ನನಗೆ ಕೀಬೋರ್ಡ್ ವಿಷಯದಲ್ಲಿ ಈಗಲೂ ಬೇಜಾರಿದೆ. ಚದುರಂಗ ಬಿಟ್ಟದ್ದಕ್ಕೆ ಒಂಚೂರೂ ಇಲ್ಲ. ಅದನ್ನು ಒಳ್ಳೆಯ ದಿನವೇ, ಒಂದು ಆಟ ಗೆದ್ದ ಮೇಲೆ, ಸಾಕು ಅಂದುಕೊಂಡು ಬಿಟ್ಟೆ.

ನೀವು ಈಗ ಏನು ಕಲೀತಿದ್ದೀರಿ?

ಕೊರಿಯನ್ ಲಿಪಿ. ಭಾಷೆ ಇನ್ನೂ ದೂರ, ಬರೀ ಲಿಪಿ. ಸೆಜಾಂಗ್ ಎಂಬ ರಾಜ 1443ರಲ್ಲಿ ಇದನ್ನು ರೂಪಿಸಿ, 1446ರಲ್ಲಿ ಪ್ರಜೆಗಳಿಗೆ ಕೊಟ್ಟ. ಅಲ್ಲಿಯವರೆಗೆ ಚೀನೀ ಅಕ್ಷರಗಳಲ್ಲಿ ಬರೆಯಬೇಕಿತ್ತು, ಸಾಮಾನ್ಯರಿಗೆ ಅದು ಎಟುಕುತ್ತಿರ‍ಲಿಲ್ಲ. ಈ ಲಿಪಿಯಲ್ಲಿ ಮೂಲ ವ್ಯಂಜನಗಳ ಆಕಾರವೇ ಬಾಯಿಯ ಚಿತ್ರ. "ನ" ಅನ್ನುವಾಗ ನಾಲಗೆಯ ತುದಿ ಮೇಲಕ್ಕೆ ತಾಗುತ್ತದಲ್ಲ, ಅಕ್ಷರವೂ ಹಾಗೇ ಬಾಗಿದೆ. "ಮ" ಅಂದರೆ ಮುಚ್ಚಿದ ಬಾಯಿ, ಒಂದು ಚೌಕ. ಕವರ್ಗ, ಚವರ್ಗ ಎಂದು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಬಾಯಿಪಾಠ ಮಾಡಿದ ನಮಗೆ ಇದು ಹಳೇ ನೆಂಟನ ಮನೆ ಇದ್ದಹಾಗೆ. ಒಂದನೇ ತರಗತಿಯಲ್ಲಿ ಆ ಸಾಲಿನ ಅರ್ಥ ಯಾರೂ ಹೇಳಿರಲಿಲ್ಲ, ಕೊರಿಯನ್ ಕಲಿಯಲು ಹೋಗಿ ಕನ್ನಡ ತಿಳಿಯಿತು.

ಸ್ವರಗಳು ಮಾತ್ರ ತಲೆ ತಿನ್ನುತ್ತಿವೆ. ಎಲ್ಲ ಒಂದೇ ಥರ ಗೆರೆಗಳು, ಕಡ್ಡಿ ಎಡಕ್ಕೋ ಬಲಕ್ಕೋ, ಮೇಲಕ್ಕೋ ಕೆಳಕ್ಕೋ, ಒಂದೋ ಎರಡೋ ಅನ್ನುವುದಷ್ಟೇ ವ್ಯತ್ಯಾಸ. ಇವತ್ತು ಬೆಳಿಗ್ಗೆ ಹನ್ನೊಂದು ಚೀಟಿಯಲ್ಲಿ ಎಂಟು ಸರಿ, ಮೂರು ತಪ್ಪು. ಆ ಮೂರೂ ಮೊದಲ ಡಬ್ಬಕ್ಕೆ ವಾಪಸ್ ಹೋಗಿವೆ.